ಮನೆಯಲ್ಲಿ ಮಾಡಿದ ಜಾಮ್ ಕೆಡದಿರಲು ಏನು ಕಾರಣ?

ಮೇ ತಿಂಗಳ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಸಂತೆಗೆ ಹೋದರೂ ಮಾವಿನ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ತೋಟವಿದ್ದವರ ಮನೆಗೆ ಬುಟ್ಟಿಗಟ್ಟಲೆ ಹಣ್ಣು ಬಂದು ಬೀಳುತ್ತದೆ. ಸೀಕರಣೆ ಮಾಡಿ, ನೆಂಟರಿಷ್ಟರಿಗೆ ಹಂಚಿ, ಮಕ್ಕಳು ತಿಂದು ತಿಂದು ಬೇಸರಗೊಂಡ ಮೇಲೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಹೀಗೆ ಉಳಿದದ್ದನ್ನು ಜಾಮ್ ಮಾಡಿ ಬಾಟಲಿಗೆ ತುಂಬಿಡುವ ಪದ್ಧತಿ ನಮ್ಮ ಊರುಗಳಲ್ಲಿ ಹೆಚ್ಚುತ್ತಿದೆ. ಒಳ್ಳೆಯದೇ. ಆದರೆ ಮಳೆಗಾಲ ಕಾಲಿಟ್ಟೊಡನೆ ವೈದ್ಯರ ಬಳಿ ಬರುವ ತಾಯಂದಿರು ಮಗುವಿನ ಕೆಮ್ಮಿಗೆ ಔಷಧಿ ಬರೆಸಿಕೊಳ್ಳುತ್ತಲೇ ಇನ್ನೂ ಒಂದು ಪ್ರಶ್ನೆ ಕೇಳುತ್ತಾರೆ: ‘ಡಾಕ್ಟ್ರೇ, ಜಾಮ್ ಮೇಲೆ ಬೂಷ್ಟು ಬಂದಿತ್ತು. ಮೇಲಿಂದ ತೆಗೆದು ಮಕ್ಕಳಿಗೆ ಕೊಟ್ಟೆ. ಏನೂ ಆಗಲ್ವಾ?’ ಮನೆಯ ಹಿರಿಯರದು ಬೇರೆಯೇ ಪ್ರಶ್ನೆ: ‘ಸಕ್ಕರೆ ಕಾಯಿಲೆ ಇದೆ ಅಂತ ಅರ್ಧ ಸಕ್ಕರೆ ಹಾಕಿಸಿದೀನಿ. ತಿನ್ನಬಹುದಲ್ಲ?’

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಜಾಮ್ ಏಕೆ ಕೆಡುವುದಿಲ್ಲ ಎಂಬುದನ್ನು ತಿಳಿದರೆ ಅದು ಯಾವಾಗ ಕೆಡುತ್ತದೆ ಎಂಬುದೂ ತಿಳಿಯುತ್ತದೆ.

ಕೆಡಿಸುವವರು ಯಾರು?

ಹಣ್ಣನ್ನು ಕೆಡಿಸುವ ಸೂಕ್ಷ್ಮಜೀವಿಗಳು ಮೂರು ಬಗೆ. ಬೂಷ್ಟು ಅಥವಾ ಶಿಲೀಂಧ್ರ, ಹುಳಿ ಬರಿಸುವ ಯೀಸ್ಟ್, ಮತ್ತು ಬ್ಯಾಕ್ಟೀರಿಯಾ. ಇವು ಹಣ್ಣಿನ ಸಿಪ್ಪೆಯ ಮೇಲೆ, ನಮ್ಮ ಕೈಯಲ್ಲಿ, ಗಾಳಿಯಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಇವೆ. ಇವು ಬದುಕಿ ಬೆಳೆಯಬೇಕಾದರೆ ನೀರು ಬೇಕೇ ಬೇಕು. ಸಕ್ಕರೆಯನ್ನೋ ಉಪ್ಪನ್ನೋ ಸಾಕಷ್ಟು ಹಾಕಿದಾಗ ಅದು ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬಾಟಲಿಯಲ್ಲಿ ನೀರು ಇದ್ದರೂ ಸೂಕ್ಷ್ಮಜೀವಿಗೆ ಕುಡಿಯಲು ಸಿಗುವುದಿಲ್ಲ. ನಮ್ಮ ಅಜ್ಜಿಯಂದಿರು ಜಾಡಿಯಲ್ಲಿ ಉಪ್ಪಿನಕಾಯಿ ಹಾಕಿ ವರ್ಷವಿಡೀ ಇಟ್ಟದ್ದು, ಸಂಡಿಗೆ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿದ್ದು ಇದೇ ತತ್ವದ ಮೇಲೆ. ತತ್ವದ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು.

ಬಾಟಲಿಯಲ್ಲಿ ಮುಚ್ಚಿ ಕಾಯಿಸಿ ಇಡುವ ವಿದ್ಯೆಯ ಕಥೆಯೂ ಹಾಗೆಯೇ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿ ತಯಾರಕ ಗಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕೆಡದಂತೆ ಉಳಿಸಿ ತೋರಿಸಿದ. ಅವನ ಸರ್ಕಾರ ಇದಕ್ಕಾಗಿ 12,000 ಫ್ರಾಂಕ್ ಬಹುಮಾನ ಕೊಟ್ಟಿತು, ಅವನ ಪುಸ್ತಕ 1810ರಲ್ಲಿ ಪ್ರಕಟವಾಯಿತು. ಆದರೆ ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಅದಾದ ಸುಮಾರು 50 ವರ್ಷಗಳ ಮೇಲೆ. ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ವೈಜ್ಞಾನಿಕ ಆಧಾರ ಒದಗಿಸಿದ್ದು ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ.

ಜಾಮ್ ಉಳಿಯುವುದು ಮೂರರ ಬಲದಿಂದ. ಸಕ್ಕರೆ, ಹುಳಿ, ಶಾಖ. ಮೂರೂ ಕೂಡಿಯೇ ಕೆಲಸ ಮಾಡುತ್ತವೆ. ಒಂದನ್ನು ತೆಗೆದು ಮಿಕ್ಕೆರಡನ್ನು ನಂಬಿ ಕೂರುವಂತಿಲ್ಲ.

ಸಕ್ಕರೆಯ ಲೆಕ್ಕ

ನಮ್ಮ ದೇಶದಲ್ಲಿ ಹಣ್ಣಿನ ಪದಾರ್ಥಗಳ ಗುಣಮಟ್ಟಕ್ಕೆ 1955ರ ಆದೇಶವೊಂದಿತ್ತು. ಆಮೇಲೆ 2006ರ ಆಹಾರ ಸುರಕ್ಷತಾ ಕಾಯಿದೆ ಬಂದು, 2011ರಲ್ಲಿ ಹೊಸ ನಿಯಮಗಳು ಜಾರಿಯಾದವು. ಅದರಂತೆ ಜಾಮ್ ಎಂದು ಮಾರುವ ಪದಾರ್ಥದಲ್ಲಿ ಕರಗಿದ ಘನ ಪದಾರ್ಥ ಶೇಕಡಾ 65ಕ್ಕಿಂತ ಕಡಿಮೆ ಇರಬಾರದು. ಅದರಲ್ಲಿ ಬಹುಪಾಲು ಸಕ್ಕರೆಯೇ. ಈ 65 ಎಂಬುದು ಯಾರೋ ಮನಸ್ಸಿಗೆ ಬಂದಂತೆ ಬರೆದ ಅಂಕಿಯಲ್ಲ. ಸುಮಾರು ಅಷ್ಟು ಸಕ್ಕರೆ ಇದ್ದಾಗಲೇ ಬಹುತೇಕ ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತಾಗುವುದು.

ಮನೆಯಲ್ಲಿ ಇದನ್ನು ಅಳೆಯುವುದು ಹೇಗೆ? ತಕ್ಕಡಿ ಇದ್ದರೆ ಸಾಕು. ಒಂದು ಕೆಜಿ ಮಾವಿನ ತಿರುಳಿನಲ್ಲಿ ಹಣ್ಣಿನದೇ ಸಕ್ಕರೆ ಮೊದಲಾದ ಘನ ಪದಾರ್ಥ ಸುಮಾರು 150 ಗ್ರಾಂ ಇರುತ್ತದೆ, ಉಳಿದದ್ದು ನೀರು. ಅದಕ್ಕೆ 750 ಗ್ರಾಂ ಸಕ್ಕರೆ ಹಾಕಿದರೆ ಘನ ಪದಾರ್ಥ ಒಟ್ಟು 900 ಗ್ರಾಂ ಆಯಿತು. ಪಾತ್ರೆಯಲ್ಲಿರುವ ಒಟ್ಟು ತೂಕ 1750 ಗ್ರಾಂ. ಕುದಿಸುತ್ತಾ ನೀರು ಇಂಗಿಸಿ ಆ ತೂಕವನ್ನು 1350 ಗ್ರಾಂಗೆ ತಂದಾಗ ಮೂರು ಪಾಲಿನಲ್ಲಿ ಎರಡು ಪಾಲು ಘನ ಪದಾರ್ಥವಾಗುತ್ತದೆ. ಅಲ್ಲಿಗೆ ಜಾಮ್ ಆಯಿತು. ಖಾಲಿ ಪಾತ್ರೆಯ ತೂಕವನ್ನು ಮೊದಲೇ ನೋಡಿ ಬರೆದಿಟ್ಟುಕೊಂಡಿರಬೇಕು ಅಷ್ಟೆ.

ಈಗ ಅರ್ಧ ಸಕ್ಕರೆಯ ಜಾಮನ್ನು ಇದೇ ಲೆಕ್ಕದಲ್ಲಿ ನೋಡಿ. 375 ಗ್ರಾಂ ಸಕ್ಕರೆ, ಹಣ್ಣಿನದು 150, ಒಟ್ಟು 525 ಗ್ರಾಂ. ಇದು ಮೂರರಲ್ಲಿ ಎರಡು ಪಾಲಾಗಬೇಕಾದರೆ ಪಾತ್ರೆಯ ತೂಕ 800 ಗ್ರಾಂಗಿಂತ ಕೆಳಗಿಳಿಯಬೇಕು. ಅಷ್ಟು ಹೊತ್ತಿಗೆ ಅದು ಹಲ್ವದಂತಾಗಿ ತಳ ಹಿಡಿಯುತ್ತದೆ. ಆದ್ದರಿಂದ ಯಾರೂ ಅಲ್ಲಿಯವರೆಗೆ ಕುದಿಸುವುದಿಲ್ಲ. ಒಂದು ಕೆಜಿಗೆ ಬಂದಾಗಲೇ ‘ಗಟ್ಟಿಯಾಯಿತು’ ಎಂದು ಇಳಿಸುತ್ತಾರೆ. ಆಗ ಘನ ಪದಾರ್ಥ ಶೇಕಡಾ 52 ಮಾತ್ರ. ನೋಡಲು ಜಾಮ್‌ನಂತೆಯೇ ಇರುತ್ತದೆ. ಆದರೆ ಮುಚ್ಚಳ ತೆರೆದು ಗೂಡಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಬರುತ್ತದೆ, ಇಲ್ಲವೆ ಗುಳ್ಳೆ ಎದ್ದು ಹೆಂಡದ ವಾಸನೆ ಹೊಡೆಯುತ್ತದೆ. ಮಳೆಗಾಲದಲ್ಲಿ ಬರುವ ಬೂಷ್ಟಿನ ಪ್ರಶ್ನೆಗಳಿಗೆ ಬಹುಮಟ್ಟಿಗೆ ಮೂಲ ಇದೇ.

ಹಾಗಾದರೆ ಕಡಿಮೆ ಸಕ್ಕರೆಯ ಜಾಮ್ ಮಾಡಲೇಬಾರದೆ? ಮಾಡಬಹುದು. ಆದರೆ ಒಂದೆರಡು ಹಣ್ಣಿನಷ್ಟು ಮಾತ್ರ ಮಾಡಿ, ಫ್ರಿಜ್ಜಿನಲ್ಲಿಟ್ಟು, ವಾರದೊಳಗೆ ಮುಗಿಸಬೇಕು. ಅದು ಪಲ್ಯದ ಜಾತಿಯದು, ಉಪ್ಪಿನಕಾಯಿಯ ಜಾತಿಯದಲ್ಲ ಎಂದು ತಿಳಿದುಕೊಂಡರೆ ತೊಂದರೆಯಿಲ್ಲ.

ಹುಳಿಯ ಅಳತೆ

ಹುಳಿಯನ್ನು ವಿಜ್ಞಾನಿಗಳು ಪಿ.ಎಚ್. ಎಂಬ ಅಳತೆಯಿಂದ ಅಳೆಯುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಿಂಬೆರಸ 2ರ ಆಸುಪಾಸು, ಶುದ್ಧ ನೀರು 7. ಬಾಟಲಿ ತುಂಬುವವರು ನೆನಪಿಡಬೇಕಾದ ಅಂಕಿ 4.6. ಅದಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿಯಿದ್ದರೆ, ಮುಂದೆ ಹೇಳಲಿರುವ ಭಯಂಕರ ಬ್ಯಾಕ್ಟೀರಿಯಾ ಬೆಳೆಯಲಾರದು. ಮೇಲಿದ್ದರೆ ಬೆಳೆಯಬಲ್ಲದು.

ಪುಸ್ತಕಗಳಲ್ಲಿ ಬರುವ ಜಾಮ್ ಪಾಠಗಳು ಹೆಚ್ಚಾಗಿ ಸೇಬು, ಪೀಚ್, ಸ್ಟ್ರಾಬೆರಿಗಳ ಮೇಲೆ ಬರೆದವು. ಪೀಚ್ ನಮ್ಮ ಸೀಮೆಯದಲ್ಲ, ಹಿಮಾಚಲ ಪ್ರದೇಶ, ಉತ್ತರಾಖಂಡದಂಥ ತಂಪು ಬೆಟ್ಟಗಳದು. ಅದರಲ್ಲಿಯೂ ಹಳದಿ ತಿರುಳಿನ ಪೀಚ್ ಬಾಟಲಿಗೆ ಸಾಕಷ್ಟು ಹುಳಿ, ಬಿಳಿ ತಿರುಳಿನ ಕೆಲವು ಜಾತಿಗಳು ಹುಳಿ ಸಾಲದವು. ಹೊರಗಿನಿಂದ ನೋಡಿದರೆ ಎರಡೂ ಪೀಚೇ. ನಮ್ಮ ಮಾವಿನ ಕಥೆಯೂ ಹೀಗೆಯೇ. ದೋರಗಾಯಿಯಲ್ಲಿ ಹುಳಿ ಚೆನ್ನಾಗಿರುತ್ತದೆ. ಹಣ್ಣಾಗುತ್ತಾ ಹೋದಂತೆ ಸಿಹಿ ಏರಿ ಹುಳಿ ಇಳಿಯುತ್ತದೆ. ಪೂರ್ತಿ ಕಳಿತ ಬಾದಾಮಿ, ರಸಪುರಿ, ಮಲ್ಲಿಕಾದಲ್ಲಿ ಪಿ.ಎಚ್. 4.6 ದಾಟಿರುವುದುಂಟು. ತೋತಾಪುರಿಯಲ್ಲಿ ಹುಳಿ ಸ್ವಲ್ಪ ಹೆಚ್ಚು. ಪಪ್ಪಾಯಿ, ಬಾಳೆ, ಅಂಜೂರ ಇವು ಹುಳಿಯ ಲೆಕ್ಕದಲ್ಲಿ ಬಡ ಹಣ್ಣುಗಳು, ಪಪ್ಪಾಯಿಯಂತೂ ಬಲು ಬಡವ. ಪೇರಲ, ಅನಾನಸ್ ಸಾಮಾನ್ಯವಾಗಿ ನಿರ್ಭಯ. ಟೊಮೆಟೊ ಗಡಿಯ ಮೇಲೆ ನಿಂತಿರುವ ಹಣ್ಣು, ಜಾತಿಯ ಮೇಲೂ ಹಣ್ಣಾದ ಪ್ರಮಾಣದ ಮೇಲೂ ಹೋಗುತ್ತದೆ. ಜಗಳೂರಿನಂಥ ಒಣಸೀಮೆಯ ಸೀತಾಫಲದ ಜಾಮ್ ಮಾಡಬಹುದೇ ಎಂದು ಕೆಲವರು ಕೇಳುವುದುಂಟು. ಅದರ ತಿರುಳು ಕಾಯಿಸಿದರೆ ಕಹಿಯಾಗುತ್ತದೆ, ಹಾಗೆಯೇ ತಿನ್ನುವುದು ಲೇಸು.

ಆದ್ದರಿಂದ ಮಾವಿನ ಜಾಮ್‌ಗೆ ಪ್ರತಿ ಕೆಜಿ ತಿರುಳಿಗೆ ಎರಡು ಮೂರು ದೊಡ್ಡ ಚಮಚ ನಿಂಬೆರಸ ಹಾಕಲೇಬೇಕು. ಇಲ್ಲವೇ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಅರ್ಧ ಟೀ ಚಮಚ. ಪಪ್ಪಾಯಿಗೆ ಇದರ ಎರಡರಷ್ಟು. ರುಚಿಗೆ ಎಂದು ಬರೆದಿರುವ ಪಾಕಪುಸ್ತಕಗಳಿವೆ. ಇದು ರುಚಿಗೆ ಹಾಕುವುದಲ್ಲ, ಇದೇ ಕಾವಲುಗಾರ. ಹುಳಿಯಿಂದ ಇನ್ನೊಂದು ಉಪಕಾರವೂ ಇದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥ ಸಕ್ಕರೆ ಮತ್ತು ಹುಳಿ ಜೊತೆಗೂಡಿದಾಗ ಮಾತ್ರ ಹೆಪ್ಪುಗಟ್ಟುತ್ತದೆ. ಪೇರಲದಲ್ಲಿ ಪೆಕ್ಟಿನ್ ಧಾರಾಳ. ಮಾವಿನಲ್ಲಿ ಮಧ್ಯಮ, ಅತಿಯಾಗಿ ಕಳಿತರೆ ಇನ್ನೂ ಕಡಿಮೆ. ಮುಕ್ಕಾಲು ಪಾಲು ಹಣ್ಣು, ಕಾಲು ಪಾಲು ದೋರಗಾಯಿ ಸೇರಿಸಿದರೆ ಪೆಕ್ಟಿನ್ನೂ ಹುಳಿಯೂ ಎರಡೂ ಸಿಗುತ್ತವೆ.

ಮಾಡುವ ಬಗೆ

ಹಣ್ಣು ತೊಳೆದು, ಸಿಪ್ಪೆ ಸುಲಿದು, ತಿರುಳನ್ನು ಮಿಕ್ಸಿಯಲ್ಲಿ ರುಬ್ಬಿ. ಕೊಳೆತ ಹಣ್ಣನ್ನು ‘ಹೇಗೂ ಕುದಿಸುತ್ತೇವಲ್ಲ’ ಎಂದು ಹಾಕಬೇಡಿ. ಬಿದ್ದು ಜಜ್ಜಿದ ಭಾಗವನ್ನು ಧಾರಾಳವಾಗಿ ಕತ್ತರಿಸಿ ತೆಗೆಯಬಹುದು. ಆದರೆ ಬೂಷ್ಟು ಹಿಡಿದ ಹಣ್ಣಿನಲ್ಲಿ ಶಿಲೀಂಧ್ರ ಬಿಟ್ಟ ವಿಷ ಇರಬಹುದು, ಅಂಥ ವಿಷಗಳಲ್ಲಿ ಕೆಲವು ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಪಾತ್ರೆ ಸ್ಟೀಲಿನದಿರಲಿ, ತಳ ದಪ್ಪವಿರಲಿ, ಬಾಯಿ ಅಗಲವಿರಲಿ. ಹುಳಿ ಪದಾರ್ಥವನ್ನು ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಬೇಯಿಸಿದರೆ ತಾಮ್ರ ಕರಗಿ ಆಹಾರಕ್ಕೆ ಸೇರಿ ವಾಂತಿ, ಹೊಟ್ಟೆ ನೋವು ತರುತ್ತದೆ. ಅಲ್ಯೂಮಿನಿಯಂ ಕೂಡ ಹುಳಿಗೆ ಆಗಿಬರುವುದಿಲ್ಲ. ಮದುವೆ ಮನೆಯ ದೊಡ್ಡ ಹಿತ್ತಾಳೆ ಪಾತ್ರೆ ಅಟ್ಟದಿಂದ ಇಳಿಸುವ ಮುನ್ನ ಒಳಗೆ ಕಲಾಯಿ ಇದೆಯೇ ನೋಡಿ.

ಮೊದಲು ತಿರುಳನ್ನು ಮಾತ್ರ ಕುದಿಸಿ, ಆಮೇಲೆ ಸಕ್ಕರೆ ಮತ್ತು ಹುಳಿ ಹಾಕಿ, ಬಿಡದೆ ತಿರುವುತ್ತಾ ಜೋರು ಉರಿಯಲ್ಲಿ ಕುದಿಸಬೇಕು. ಹದ ನೋಡಲು ತಕ್ಕಡಿಯ ಲೆಕ್ಕ ಹೇಳಿದ್ದೇನೆ. ಥರ್ಮಾಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಪುಸ್ತಕಗಳು ಜಾಮ್‌ನ ಹದ 105 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಅದು ಸಮುದ್ರ ತೀರದ ಲೆಕ್ಕ, ಮಂಗಳೂರಿಗೆ ಸರಿ. ನಮ್ಮ ತಾಲ್ಲೂಕುಗಳು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 100ಕ್ಕಲ್ಲ, ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ನಮ್ಮಲ್ಲಿ ಹದ ಸುಮಾರು 103 ಡಿಗ್ರಿ. 105ಕ್ಕೆ ಕಾದು ಕುಳಿತರೆ ಜಾಮ್ ಕಲ್ಲಾಗುತ್ತದೆ. ಯಾವ ಸಾಧನವೂ ಇಲ್ಲದವರು ಸೌಟಿನಿಂದ ಎತ್ತಿ ಸುರಿದು ನೋಡಿ. ಹನಿ ಹನಿಯಾಗಿ ಬೀಳದೆ ಎರಡು ಹನಿ ಕೂಡಿ ಹಾಳೆಯಂತೆ ಜಾರಿ ಬಿದ್ದರೆ ಹದ ಬಂದಂತೆ.

ಇಲ್ಲಿ ವೈದ್ಯನಾಗಿ ಒಂದು ಎಚ್ಚರಿಕೆ ಕೊಡಲೇಬೇಕು. ಕುದಿಯುವ ಜಾಮ್ ‘ಪಟ್’ ಎಂದು ಸಿಡಿಯುತ್ತದೆ. ಕುದಿನೀರು ಮೈಮೇಲೆ ಬಿದ್ದರೆ ಹರಿದು ಹೋಗುತ್ತದೆ. ಜಾಮ್ ಹಾಗಲ್ಲ, ಅಂಟಿಕೊಂಡು ಅಲ್ಲಿಯೇ ಸುಡುತ್ತಾ ಇರುತ್ತದೆ, ಗಾಯ ಆಳಕ್ಕೆ ಇಳಿಯುತ್ತದೆ. ಉದ್ದ ಹಿಡಿಯ ಸೌಟು, ತುಂಬು ತೋಳಿನ ಹತ್ತಿಯ ಬಟ್ಟೆ ಇರಲಿ. ನೈಲಾನ್ ಸೀರೆ ಬೇಡ. ಒಲೆ ನೆಲದ ಮೇಲಿದ್ದರೆ ಮಕ್ಕಳನ್ನು ಆ ಕೋಣೆಗೇ ಬಿಡಬೇಡಿ. ಸುಟ್ಟರೆ ತಕ್ಷಣ ತಣ್ಣೀರಿನ ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಸುಣ್ಣ, ಅರಿಶಿನ, ಐಸ್ ಯಾವುದೂ ಬೇಡ. ಮುಖ, ಕೈ, ಕೀಲುಗಳ ಮೇಲಿನ ಸುಟ್ಟಗಾಯವನ್ನೂ ಮಕ್ಕಳ ಸುಟ್ಟಗಾಯವನ್ನೂ ಚಿಕ್ಕದೆಂದು ಬಿಡದೆ ವೈದ್ಯರಿಗೆ ತೋರಿಸಿ.

ಬಾಟಲಿಗೆ ತುಂಬುವುದು

ಗಾಜಿನ ಬಾಟಲಿಗಳನ್ನು ಸೋಪಿನಿಂದ ತೊಳೆದು, ನೀರಿನಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ. ಬಿಸಿ ಬಾಟಲಿಗೇ ಬಿಸಿ ಜಾಮ್ ತುಂಬಬೇಕು. ತಣ್ಣನೆಯ ಬಾಟಲಿಗೆ ತುಂಬಿದರೆ ಗಾಜು ಸೀಳುತ್ತದೆ. ಮೇಲೆ ಕಾಲು ಅಂಗುಲ ಜಾಗ ಬಿಡಿ. ಬಾಟಲಿಯ ಬಾಯಿಯನ್ನು ಕುದಿಸಿದ ಬಟ್ಟೆಯಿಂದ ಒರೆಸಿ. ಒಂದು ಹನಿ ಜಾಮ್ ಅಂಚಿನಲ್ಲಿ ಉಳಿದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಕೆಲವರು ಬಾಟಲಿಯನ್ನು ತಲೆಕೆಳಗು ಮಾಡಿ ಇಡುತ್ತಾರೆ. ಹಿಂದೆ ಮೇಲೆ ಮೇಣ ಸುರಿಯುವ ಪದ್ಧತಿಯೂ ಇತ್ತು. ಮೇಣ ಬಿರುಕು ಬಿಟ್ಟು ಅದರ ಕೆಳಗೇ ಬೂಷ್ಟು ಬರುವುದರಿಂದ ಈಗ ಅದನ್ನು ಬಿಟ್ಟಿದ್ದಾರೆ. ತಲೆಕೆಳಗು ಮಾಡುವುದೂ ನಂಬಿಕೆಗೆ ಯೋಗ್ಯವಲ್ಲ. ಸರಿಯಾದ ಕ್ರಮ ಎಂದರೆ ಮುಚ್ಚಿದ ಬಾಟಲಿಗಳನ್ನು ದೊಡ್ಡ ಪಾತ್ರೆಯಲ್ಲಿ ಬಟ್ಟೆ ಹಾಸಿ ನಿಲ್ಲಿಸಿ, ಮುಚ್ಚಳದ ಮೇಲೆ ಒಂದು ಅಂಗುಲ ನಿಲ್ಲುವಂತೆ ಬಿಸಿನೀರು ಹಾಕಿ, ನೀರು ಕುದಿಯಲು ಆರಂಭಿಸಿದ ಮೇಲೆ ಪೂರ್ತಿ 10 ನಿಮಿಷ ಕುದಿಸುವುದು. ವಿದೇಶದ ಪುಸ್ತಕಗಳಲ್ಲಿ ಸಣ್ಣ ಬಾಟಲಿಗೆ 5 ನಿಮಿಷ ಎಂದಿರುತ್ತದೆ. ಅದೂ ತಗ್ಗಿನ ಊರುಗಳ ಲೆಕ್ಕವೇ, ಸಾವಿರ ಅಡಿ ದಾಟಿದ ಊರಿಗೆ 10 ನಿಮಿಷ. ಹೊರತೆಗೆದು ಮರದ ಹಲಗೆಯ ಮೇಲೆ ಗಾಳಿ ಬಡಿಯದಂತೆ ಆರಲು ಬಿಡಿ. ಆರುವಾಗ ತೆಳು ಲೋಹದ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗುತ್ತದೆ. ಮಾರನೆಯ ದಿನ ಬೆರಳಿನಿಂದ ಒತ್ತಿ ನೋಡಿ. ‘ಟಿಕ್’ ಎಂದು ಮೇಲೆ ಕೆಳಗೆ ಆಡಿದರೆ ಆ ಬಾಟಲಿ ಬಿಗಿಯಾಗಿಲ್ಲ, ಅದನ್ನು ಫ್ರಿಜ್ಜಿಗೆ ಸೇರಿಸಿ ಮೊದಲು ತಿಂದು ಮುಗಿಸಿ.

ಮನೆಯಲ್ಲಿರುವ ಹಾರ್ಲಿಕ್ಸ್, ಕಾಫಿಪುಡಿ ಬಾಟಲಿಗಳು ಈ ಕೆಲಸಕ್ಕೆ ಆಗುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳ ಗಾಳಿ ತಡೆಯುವುದಿಲ್ಲ. ಹಳೆಯ ಉಪ್ಪಿನಕಾಯಿ ಬಾಟಲಿಯ ಲೋಹದ ಮುಚ್ಚಳದ ಒಳಗಿನ ಅಂಟು ಒಮ್ಮೆ ಬಳಸಿದ ಮೇಲೆ ಸವೆದಿರುತ್ತದೆ. ಬಾಟಲಿ ಹಳೆಯದಾದರೂ ಆದೀತು, ಮುಚ್ಚಳ ಹೊಸದು ಬೇಕು.

ರಾಸಾಯನಿಕ ಸಂರಕ್ಷಕ ಹಾಕಬೇಕೇ ಎಂದು ಕೇಳುತ್ತಾರೆ. ಮಾರುವ ಜಾಮ್‌ನಲ್ಲಿ ಬೆಂಜೋಯಿಕ್ ಆಮ್ಲಕ್ಕೆ ಒಂದು ಕೆಜಿಗೆ 200 ಮಿಲಿಗ್ರಾಂ, ಗಂಧಕದ ಡಯಾಕ್ಸೈಡಿಗೆ 40 ಮಿಲಿಗ್ರಾಂ ಎಂಬ ಮಿತಿ ಬಹಳ ಹಿಂದಿನಿಂದಲೂ ಇದೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಡಿಗೆಮನೆಯ ಚಮಚದಿಂದ ಅಳೆಯಲಾಗದು, ‘ಒಂದು ಚಿಟಿಕೆ’ ಮಿತಿಯನ್ನು ಮೀರೀತು. ಗಂಧಕದ ಸಂರಕ್ಷಕ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ಕೆರಳಿಸುತ್ತದೆ. ಸಕ್ಕರೆ, ಹುಳಿ, ಶಾಖ ಸರಿಯಿದ್ದರೆ ಮನೆಯ ಜಾಮ್‌ಗೆ ಇವುಗಳ ಅಗತ್ಯವಿಲ್ಲ. ಸಂಘ ಕಟ್ಟಿಕೊಂಡು ಮಾರಾಟ ಮಾಡುವ ಮಹಿಳೆಯರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು, ತೋಟಗಾರಿಕೆ ಇಲಾಖೆಯಲ್ಲೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ತರಬೇತಿಯ ಬಗ್ಗೆ ವಿಚಾರಿಸುವುದು ಒಳ್ಳೆಯದು.

ನಿಜವಾದ ಅಪಾಯ ಎಲ್ಲಿದೆ?

ಜಾಮ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ನನಗೆ ಹೆಚ್ಚು ಭಯ ಇರುವುದು ಜಾಮ್ ಮಾಡಿ ಕೈ ಪಳಗಿದವರು ಅದೇ ಧೈರ್ಯದಿಂದ ಬೇರೆ ಪದಾರ್ಥಗಳನ್ನು ಬಾಟಲಿಗೆ ತುಂಬುವುದರಲ್ಲಿ. ಮೊಬೈಲಿನ ವಿಡಿಯೋಗಳನ್ನು ನೋಡಿ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ, ಉಪ್ಪುನೀರಿನಲ್ಲಿ ಎಳೆ ಮೆಕ್ಕೆಜೋಳ, ಅಣಬೆ, ಹುರುಳಿಕಾಯಿ ತುಂಬಿ ಕುದಿಸಿ ಗೂಡಿನಲ್ಲಿಡುವವರಿದ್ದಾರೆ. ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳಕ್ಕೆ ಕೊರತೆಯಿಲ್ಲ, ಆಸೆಯಾಗುವುದು ಸಹಜ. ಆದರೆ ಇವುಗಳಲ್ಲಿ ಹುಳಿಯಿಲ್ಲ, ಸಕ್ಕರೆಯಿಲ್ಲ. ಬಾಟಲಿಯೊಳಗೆ ಗಾಳಿಯೂ ಇಲ್ಲ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಬೇಕಾದುದು ಇಂಥದೇ ಜಾಗ.

ಈ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಬೀಜಾಣುವಾಗಿ ಗಟ್ಟಿ ಕವಚದೊಳಗೆ ಸೇರಿಕೊಳ್ಳುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಆ ಬೀಜಾಣು ಸಾಯದಿರಬಹುದು. ಕಾರ್ಖಾನೆಗಳಲ್ಲಿ ಒತ್ತಡದ ಯಂತ್ರಗಳಲ್ಲಿ 121 ಡಿಗ್ರಿಗೆ ಏರಿಸಿ ಅದನ್ನು ಕೊಲ್ಲುತ್ತಾರೆ. ನಮ್ಮ ಅನ್ನದ ಕುಕ್ಕರ್ ಈ ಕೆಲಸಕ್ಕೆಂದು ಪರೀಕ್ಷಿಸಿದ ಸಾಧನವಲ್ಲ, ‘ಆರು ಸೀಟಿ ಹಾಕಿಸಿದೆ’ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಬೀಜಾಣು ತಂಪಾದ ಮೇಲೆ ಮೊಳೆತು ವಿಷ ಉತ್ಪಾದಿಸುತ್ತದೆ. ಆ ವಿಷ ತುಂಬಿದ ಆಹಾರದ ಬಣ್ಣ, ವಾಸನೆ, ರುಚಿ ಬದಲಾಗದೆಯೂ ಇರಬಹುದು.

ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಒಂದು ಹೋಟೆಲಿನ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಮಂದಿಗೆ ಈ ಕಾಯಿಲೆ ಬಂತು. ಅಮೆರಿಕದ ಒಹಾಯೊ ರಾಜ್ಯದಲ್ಲಿ 2015ರ ಏಪ್ರಿಲ್‌ನಲ್ಲಿ ಒಂದು ಚರ್ಚಿನ ಸಹಭೋಜನದಲ್ಲಿ ಆಲೂಗಡ್ಡೆ ಸಲಾಡ್ ತಿಂದ 29 ಮಂದಿಗೆ ಕಾಯಿಲೆ ಬಂತು, ಒಬ್ಬರು ತೀರಿಕೊಂಡರು. ಆ ಆಲೂಗಡ್ಡೆಯನ್ನು ಮನೆಯಲ್ಲಿ ಬಾಟಲಿಗೆ ತುಂಬಿ, ಒತ್ತಡವಿಲ್ಲದೆ ಬರೀ ಕುದಿಯುವ ನೀರಿನಲ್ಲಿ, ಅಂದರೆ ಜಾಮ್ ಮಾಡುವ ಕ್ರಮದಲ್ಲಿಯೇ, ಕಾಯಿಸಿದ್ದರು. ನಮ್ಮ ದೇಶದಲ್ಲಿ ಬಾಟುಲಿಸಂ ವರದಿಯಾಗಿರುವುದು ಬಹಳ ವಿರಳ. ವಿರಳ ಎಂಬ ಕಾರಣಕ್ಕೇ ಅದು ವೈದ್ಯರ ಮನಸ್ಸಿಗೂ ಬೇಗ ಹೊಳೆಯುವುದಿಲ್ಲ.

ಲಕ್ಷಣಗಳು ಹೀಗಿರುತ್ತವೆ. ತಿಂದ 12ರಿಂದ 36 ಗಂಟೆಗಳಲ್ಲಿ, ಕೆಲವೊಮ್ಮೆ ಹಲವು ದಿನಗಳ ಮೇಲೆ, ಬಾಯಿ ಒಣಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ನಿಶ್ಶಕ್ತಿ ಮೇಲಿನಿಂದ ಕೆಳಕ್ಕೆ, ಕುತ್ತಿಗೆ, ತೋಳು, ಎದೆ, ಕಾಲು ಎಂದು ಇಳಿಯುತ್ತದೆ. ಜ್ವರ ಇರುವುದಿಲ್ಲ. ಪ್ರಜ್ಞೆ ಸ್ಪಷ್ಟವಾಗಿರುತ್ತದೆ. ನಮ್ಮ ಭಾಗದಲ್ಲಿ ರೆಪ್ಪೆ ಜೋಲಿದ ರೋಗಿ ಬಂದರೆ ಮೊದಲು ಯೋಚಿಸಬೇಕಾದದ್ದು ಕಟ್ಟು ಹಾವಿನ ಕಡಿತ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚಿದರೆ ಗುರುತೂ ಕಾಣುವುದಿಲ್ಲ, ಲಕ್ಷಣವೂ ಬಹುತೇಕ ಹೀಗೆಯೇ ಇರುತ್ತದೆ. ಎರಡರಲ್ಲಿ ಯಾವುದಾದರೂ ಉಸಿರಾಟ ನಿಲ್ಲುವ ಅಪಾಯ ಒಂದೇ. ಮನೆಮದ್ದು, ಮಂತ್ರ ಎಂದು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ, ಕೃತಕ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಹಿಂದಿನ ಮೂರು ನಾಲ್ಕು ದಿನ ಏನೇನು ತಿಂದರು, ಬಾಟಲಿಯ ಪದಾರ್ಥ ಏನಾದರೂ ಇತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಉಳಿದ ಬಾಟಲಿ ಇದ್ದರೆ ಮುಚ್ಚಿ ಜೊತೆಗೆ ಒಯ್ಯಿರಿ.

ನಮ್ಮ ಉಪ್ಪಿನಕಾಯಿಗೆ ಈ ಭಯವಿಲ್ಲ, ಏಕೆಂದರೆ ಅದರಲ್ಲಿ ಉಪ್ಪೂ ಹುಳಿಯೂ ಧಾರಾಳ. ಆದರೆ ರಕ್ತದೊತ್ತಡದವರಿಗಾಗಿ ಎಂದು ಜಾಡಿಗೇ ಉಪ್ಪು ಕಡಿಮೆ ಹಾಕುವುದು ಅರ್ಧ ಸಕ್ಕರೆಯ ಜಾಮ್‌ನಂಥದೇ ಕೆಲಸ. ಉಪ್ಪಿನಕಾಯಿಯನ್ನು ಕಡಿಮೆ ತಿನ್ನಿ, ಜಾಡಿಯ ಅಳತೆ ಕೆಡಿಸಬೇಡಿ.

ಇದೇ ಬ್ಯಾಕ್ಟೀರಿಯಾದ ಬೀಜಾಣು ಜೇನುತುಪ್ಪದಲ್ಲಿಯೂ ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದು ಮೊಳೆಯುವುದಿಲ್ಲ, ಎಳೆಯ ಮಗುವಿನ ಕರುಳಿನಲ್ಲಿ ಮೊಳೆಯಬಲ್ಲದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸುವ, ಬಜೆ ತೇಯ್ದು ಜೇನಿನಲ್ಲಿ ಕೊಡುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಇದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡ.

ಯಾರು ಎಷ್ಟು ತಿನ್ನಬಹುದು?

ಈಗ ಸಕ್ಕರೆ ಕಾಯಿಲೆಯವರ ಪ್ರಶ್ನೆ. ಮನೆಯಲ್ಲಿ ಮಾಡಿದ್ದು, ಬೆಲ್ಲ ಹಾಕಿದ್ದು, ನಮ್ಮದೇ ತೋಟದ ಹಣ್ಣು ಎಂಬ ಯಾವ ಮಾತೂ ರಕ್ತದಲ್ಲಿನ ಸಕ್ಕರೆಗೆ ಅರ್ಥವಾಗುವುದಿಲ್ಲ. ಒಂದು ದೊಡ್ಡ ಚಮಚ, ಅಂದರೆ 20 ಗ್ರಾಂ ಜಾಮ್‌ನಲ್ಲಿ ಸುಮಾರು 13 ಗ್ರಾಂ ಸಕ್ಕರೆ ಇರುತ್ತದೆ, ಹೆಚ್ಚು ಕಡಿಮೆ ಮೂರು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಆರೋಗ್ಯವಂತ ದೊಡ್ಡವರಿಗೂ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಕಾಫಿ, ಟೀ, ಬಿಸ್ಕತ್ತಿನಲ್ಲೇ ಅದರಲ್ಲಿ ಬಹುಪಾಲು ಮುಗಿದಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮಾವು ತಿನ್ನುವ ಆಸೆಯಿದ್ದರೆ ಊಟದ ಲೆಕ್ಕದಲ್ಲಿ ಹಿಡಿದು ಎರಡು ಹೋಳು ತಾಜಾ ಹಣ್ಣು ತಿನ್ನಲಿ, ಅದರಲ್ಲಿ ನಾರಾದರೂ ಇದೆ. ಜಾಮ್ ಅವರದಲ್ಲ.

ಮಕ್ಕಳಿಗೆ ಚಪಾತಿಗೆ, ದೋಸೆಗೆ ಒಂದು ಟೀ ಚಮಚ ಹಚ್ಚಿ ಕೊಡುವುದರಲ್ಲಿ ತಪ್ಪಿಲ್ಲ. ಮಾವಿನ ಹಳದಿ ಬಣ್ಣಕ್ಕೆ ಕಾರಣವಾದ, ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಕೆರೋಟಿನ್ ಕುದಿಸಿದ ಮೇಲೂ ಸಾಕಷ್ಟು ಉಳಿಯುತ್ತದೆ. ಸಿ ಜೀವಸತ್ವ ಬಹಳ ನಷ್ಟವಾಗುತ್ತದೆ. ಬೆಳಿಗ್ಗೆ ಬ್ರೆಡ್ಡು ಜಾಮ್, ಸಂಜೆ ಬ್ರೆಡ್ಡು ಜಾಮ್ ಎಂದು ಅದನ್ನೇ ಊಟ ಮಾಡಿಸಿದರೆ ಹಲ್ಲು ಹುಳುಕಾಗುವುದು ಮೊದಲು, ಹಸಿವು ಕೆಡುವುದು ಆಮೇಲೆ.

ಇಟ್ಟುಕೊಳ್ಳುವ ಕ್ರಮ

ಪ್ರತಿ ಬಾಟಲಿಯ ಮೇಲೆ ಹಣ್ಣಿನ ಹೆಸರು, ಮಾಡಿದ ದಿನಾಂಕ ಬರೆದು ಅಂಟಿಸಿ. ಬಿಸಿಲು ತಾಗದ ತಣ್ಣನೆಯ ಜಾಗದಲ್ಲಿಡಿ. ಜಗಳೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಗೂಡು ತಣ್ಣನೆಯ ಜಾಗವಲ್ಲ, ನೆಲಕ್ಕೆ ಹತ್ತಿರದ ಕಪಾಟು ಮೇಲು. ಬಿಗಿಯಾಗಿರುವ ಬಾಟಲಿಯನ್ನು ಒಂದು ವರ್ಷದೊಳಗೆ ಬಳಸಿ. ಬಣ್ಣ ಸ್ವಲ್ಪ ಕಪ್ಪಾದರೆ ಹೆದರಬೇಕಿಲ್ಲ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಫ್ರಿಜ್ ಇಲ್ಲದ ಮನೆಯವರು ಸಣ್ಣ ಬಾಟಲಿಗಳಲ್ಲೇ ತುಂಬಿಕೊಳ್ಳಲಿ. ಒದ್ದೆ ಚಮಚ, ಎಂಜಲು ಚಮಚ ಹಾಕಬೇಡಿ. ಒಂದು ಹನಿ ನೀರು ಬಿದ್ದ ಜಾಗದಲ್ಲಿ ಸಕ್ಕರೆಯ ಲೆಕ್ಕ ತಪ್ಪುತ್ತದೆ, ಬೂಷ್ಟು ಹುಟ್ಟುವುದು ಅಲ್ಲಿಂದಲೇ.

ಬೂಷ್ಟು ಬಂದ ಜಾಮನ್ನು ಮೇಲಿನಿಂದ ತೆಗೆದು ತಿನ್ನಬಾರದು. ಕಣ್ಣಿಗೆ ಕಾಣುವುದು ಅದರ ತಲೆ ಮಾತ್ರ, ಎಳೆಗಳು ಒಳಗೆ ಇಳಿದಿರುತ್ತವೆ. ವಿಷ ಬಿಟ್ಟಿದ್ದರೆ ಅದೂ ಒಳಗೆ ಹರಡಿರುತ್ತದೆ. ಕೆಲವು ಬೂಷ್ಟುಗಳು ಹುಳಿಯನ್ನೇ ತಿಂದು ತಗ್ಗಿಸುವುದರಿಂದ ಬೇರೆ ಬ್ಯಾಕ್ಟೀರಿಯಾಗಳಿಗೂ ದಾರಿಯಾಗುತ್ತದೆ. ಈಗಾಗಲೇ ಒಂದೆರಡು ಚಮಚ ತಿಂದ ಮಕ್ಕಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಗಾಬರಿ ಬೇಡ. ವಾಂತಿ, ಭೇದಿ ಕಂಡರೆ ಉಪ್ಪು ಸಕ್ಕರೆಯ ಪುನರ್ಜಲೀಕರಣ ದ್ರಾವಣ ಕುಡಿಸಿ ವೈದ್ಯರನ್ನು ಕಾಣಿ.

ಮುಚ್ಚಳ ಉಬ್ಬಿದ, ತೆರೆದಾಗ ‘ಬುಸ್’ ಎಂದು ಗಾಳಿ ಹೊರಬಂದ, ಒಳಗಿನಿಂದ ಸೋರಿದ ಯಾವ ಬಾಟಲಿಯನ್ನೂ ನಾಲಿಗೆಗೆ ಹಚ್ಚಿ ನೋಡಬೇಡಿ. ತಿಪ್ಪೆಗೆ ಎಸೆದರೆ ದನವೋ ನಾಯಿಯೋ ಬಾಯಿ ಹಾಕುತ್ತವೆ. ಬಾಟಲಿ ಸಮೇತ ಚೀಲದಲ್ಲಿ ಕಟ್ಟಿ ಮೊಣಕಾಲುದ್ದ ಗುಂಡಿ ತೆಗೆದು ಹೂಳಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.